ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸುವ ಮುಂಚೆ

ಮದುವೆ ಸೀಸನ್ನಿನಲ್ಲಿ ಬೆಂಗಳೂರಿನ ಬ್ಯೂಟಿ ಪಾರ್ಲರುಗಳಲ್ಲಿ ಒಂದು ಕೆಲಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹುಟ್ಟಿನಿಂದಲೇ ಗುಂಗುರು ಕೂದಲಿರುವ ಮದುಮಗಳನ್ನು ರಿಸೆಪ್ಶನ್ನಿಗೆ ಸಿದ್ಧ ಮಾಡುತ್ತಿರುತ್ತಾರೆ. ಮೊದಲು ಬಿಸಿ ಸ್ಟ್ರೈಟ್ನರ್ ಹಿಡಿದು ಒಂದೊಂದೇ ಎಳೆಯನ್ನು ನೆಟ್ಟಗೆ ಮಾಡುತ್ತಾರೆ. ಅದಕ್ಕೇ ಒಂದು ಗಂಟೆ ಹೋಗುತ್ತದೆ. ಆಮೇಲೆ ಇನ್ನೊಂದು ಬಿಸಿ ಕೋಲು ತಂದು ಅದೇ ಕೂದಲಿನ ತುದಿಗಳನ್ನು ಸುತ್ತಿ ಸುರುಳಿ ಮಾಡುತ್ತಾರೆ. ಅದಕ್ಕೆ ‘ಸಾಫ್ಟ್ ಕರ್ಲ್ಸ್’ ಅಂತ ಹೆಸರು. ಫೋಟೋದಲ್ಲಿ ಆ ಸುರುಳಿಗಳು ಚೆನ್ನಾಗಿ ಕಾಣುತ್ತವೆ. ಆದರೆ ಹುಡುಗಿಯ ತಲೆಯಲ್ಲಿ ಮೊದಲೇ ಇದ್ದ ಸುರುಳಿಗಳಿಗೆ ಆ ಫೋಟೋದಲ್ಲಿ ಜಾಗ ಸಿಗಲಿಲ್ಲ.

ಅಂದರೆ ಸುರುಳಿ ಯಾರಿಗೂ ಬೇಡವಾಗಿಲ್ಲ. ಒಂದೇ ಅಳತೆಯಲ್ಲಿ, ಹೇಳಿದ ಕಡೆ, ಹೇಳಿದಷ್ಟೇ ಬರುವ ಸುರುಳಿ ಬೇಕು. ತನ್ನ ಪಾಡಿಗೆ ಬೆಳೆಯುವ ಗುಂಗುರು ಕೂದಲಿಗೆ ಮಾತ್ರ ‘ಕೆದರಿದ ಕೂದಲು’, ‘ಒರಟು ಕೂದಲು’ ಅನ್ನುವ ಹೆಸರು. ನನ್ನ ಪ್ರಕಾರ ಈ ಹೆಸರು ಬರುವುದಕ್ಕೆ ದೊಡ್ಡ ಕಾರಣ ಒಂದೇ. ಗುಂಗುರು ಕೂದಲನ್ನು ನಾವು ನೇರ ಕೂದಲಿನ ಪದ್ಧತಿಯಲ್ಲೇ ತೊಳೆಯುತ್ತೇವೆ, ಬಾಚುತ್ತೇವೆ, ಒಣಗಿಸುತ್ತೇವೆ. ಆಗ ಅದು ಕೆಡುತ್ತದೆ. ಕೆಟ್ಟದ್ದನ್ನು ತೋರಿಸಿ ‘ನೋಡು, ನಿನ್ನ ಕೂದಲೇ ಹೀಗೆ’ ಅನ್ನುತ್ತೇವೆ. ಸರಿಮಾಡಿಸಲು ಪಾರ್ಲರಿಗೆ ಕಳಿಸುತ್ತೇವೆ.

ಕೂದಲು ಗುಂಗುರಾಗುವುದು ಹೇಗೆ ಅಂತ ಮೊದಲು ನೋಡೋಣ. ಚರ್ಮದೊಳಗೆ ಕೂದಲು ಹುಟ್ಟುವ ಪುಟ್ಟ ಗೂಡಿದೆ, ಫಾಲಿಕಲ್ ಅಂತಾರೆ. ನೇರ ಕೂದಲಿನವರಲ್ಲಿ ಆ ಗೂಡು ಹೆಚ್ಚುಕಮ್ಮಿ ನೆಟ್ಟಗಿರುತ್ತದೆ. ಗುಂಗುರು ಕೂದಲಿನವರಲ್ಲಿ ಬಾಗಿರುತ್ತದೆ. ಬಾಗಿದ ಗೂಡಿನಿಂದ ಬರುವ ಎಳೆಯೂ ಬಾಗಿಕೊಂಡೇ ಬರುತ್ತದೆ. ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಸುಮಾರಾಗಿ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ಇದೆಲ್ಲ ಅಪ್ಪ ಅಮ್ಮನಿಂದ ಬರುವ ಜೀನ್‌ಗಳ ಕೆಲಸ. ಒಂದಲ್ಲ, ಹಲವು ಜೀನ್‌ಗಳು ಸೇರಿ ಮಾಡುವ ಕೆಲಸ. ಅದಕ್ಕೇ ಒಂದೇ ಮನೆಯ ಅಕ್ಕನಿಗೆ ನೇರ ಕೂದಲು, ತಂಗಿಗೆ ಗುಂಗುರು ಕೂದಲು ಇರಬಹುದು. ಹಾರ್ಮೋನಿನ ಏರುಪೇರಿಗೂ ಇದರಲ್ಲಿ ಪಾಲಿದೆ. ‘ಚಿಕ್ಕವಳಿದ್ದಾಗ ನೆಟ್ಟಗಿತ್ತು, ಹೈಸ್ಕೂಲಿಗೆ ಬಂದಮೇಲೆ ಹೀಗಾಯ್ತು’ ಅಂತ ಎಷ್ಟೋ ಜನ ಹೇಳುವುದು ಸುಳ್ಳಲ್ಲ. ಅದಕ್ಕೆ ಹಾಸ್ಟೆಲ್ ನೀರನ್ನೋ ಶ್ಯಾಂಪೂವನ್ನೋ ಬೈಯುವುದು ಮಾತ್ರ ಸುಮ್ನೆ.

ನೆತ್ತಿಯ ಚರ್ಮ ತಾನೇ ಎಣ್ಣೆ ಬಿಡುತ್ತದೆ. ನೇರ ಕೂದಲಿನಲ್ಲಿ ಅದು ಬುಡದಿಂದ ತುದಿಗೆ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ಆಗುಂಬೆ ಘಾಟಿ ಇಳಿದ ಹಾಗೆ ತಿರುವಿನ ಮೇಲೆ ತಿರುವು. ಎಣ್ಣೆ ತುದಿ ತಲುಪುವುದೇ ಇಲ್ಲ. ಬುಡ ಜಿಡ್ಡು, ತುದಿ ಒಣಕಲು. ತಿರುವು ಇರುವ ಕಡೆ ಎಳೆ ಬೇಗ ತುಂಡಾಗುತ್ತದೆ. ಅಂದರೆ ನೋಡಲು ದಪ್ಪ, ಗಟ್ಟಿ ಅನ್ನಿಸುವ ಈ ಕೂದಲು ನಿಜಕ್ಕೂ ಬಲು ನಾಜೂಕು. ಅದು ಒರಟು ಅನ್ನುವ ನಂಬಿಕೆಯಿಂದ ನಾವು ಅದರ ಜೊತೆ ಒರಟಾಗಿ ನಡೆದುಕೊಳ್ಳುತ್ತೇವೆ. ಹೆಚ್ಚಿನ ಹಾನಿ ಆಗುವುದು ಅಲ್ಲೇ.

ಕೂದಲು ನಿಂತಿರುವುದು ಕೆರಾಟಿನ್ ಅನ್ನುವ ಪ್ರೋಟೀನಿನ ಮೇಲೆ. ಅದರ ಎಳೆಗಳನ್ನು ಮುಖ್ಯವಾಗಿ ಎರಡು ಬಗೆಯ ಬಂಧಗಳು ಹಿಡಿದಿಡುತ್ತವೆ. ಒಂದು ಗಂಧಕದ ಬಂಧ, ಗಟ್ಟಿ. ಇನ್ನೊಂದು ಹೈಡ್ರೋಜನ್ ಬಂಧ, ಸಡಿಲ. ಸಡಿಲ ಬಂಧ ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಕೂಡುತ್ತದೆ. ಹಸಿ ಕೂದಲು ಉದ್ದ ಕಾಣುವುದು, ಒಣಗಿದಮೇಲೆ ಮೇಲಕ್ಕೆ ಸುರುಟಿಕೊಳ್ಳುವುದು ಇದರಿಂದಲೇ. ಮಂಗಳೂರಿನ ಸೆಕೆಯಲ್ಲಿ ಬೆಳಿಗ್ಗೆ ನೀಟಾಗಿ ಕೂತಿದ್ದ ಕೂದಲು ಮಧ್ಯಾಹ್ನಕ್ಕೆ ಉಬ್ಬಿ ನಿಲ್ಲುವುದಕ್ಕೂ ಇದೇ ಕಾರಣ. ಗಾಳಿಯ ತೇವ ಒಳಗೆ ಹೋಗಿ ಬಂಧಗಳನ್ನು ಬದಲಿಸುತ್ತದೆ. ಒಣಗಿದ ಕೂದಲು ಈ ತೇವವನ್ನು ಜಾಸ್ತಿ ಹೀರುತ್ತದೆ.

ಇದನ್ನು ತಿಳಿದು ನಮ್ಮ ಮನೆಗಳ ಅಭ್ಯಾಸ ನೋಡಿ. ಬೆಳಿಗ್ಗೆ ಒಣ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ. ಬುಡದಿಂದ ಕೆಳಕ್ಕೆ ಎಳೆತ. ಸಿಕ್ಕು ಸಿಕ್ಕಿದ ಕಡೆ ಇನ್ನೂ ಜೋರು ಎಳೆತ. ಮಗು ಅತ್ತರೆ ‘ಸುಮ್ನಿರು, ಬಸ್ ಬಂತು’. ಆಮೇಲೆ ಎಣ್ಣೆ ಹಾಕಿ ತಲೆಗೆ ಅಂಟಿಸಿ ಎರಡು ಜಡೆ, ಮಡಚಿ ರಿಬ್ಬನ್. ಭಾನುವಾರ ತಲೆಸ್ನಾನ. ಎಣ್ಣೆ ಪೂರ್ತಿ ಹೋಗುವವರೆಗೆ ಉಜ್ಜುವುದು, ಟವೆಲ್ಲಿನಲ್ಲಿ ಕೊಡವುವುದು, ಒಣಗಿದಮೇಲೆ ಬಾಚುವುದು. ಗುಂಗುರು ಕೂದಲಿಗೆ ಒಣಗಿದಮೇಲೆ ಬಾಚಣಿಗೆ ತಾಗಿಸಿದರೆ ಗುಂಪಾಗಿ ಕೂತ ಎಳೆಗಳು ಚೆದುರಿ ತಲೆ ಎರಡರಷ್ಟು ದೊಡ್ಡದಾಗುತ್ತದೆ. ಆಗ ಹೆಸರುಗಳು ಹುಟ್ಟುತ್ತವೆ. ಮ್ಯಾಗಿ, ಗುಬ್ಬಿ ಗೂಡು, ಪೊರಕೆ, ಸಾಯಿಬಾಬಾ. ಗಂಡುಮಕ್ಕಳಿಗಾದರೆ ‘ಮೊದಲು ಕಟಿಂಗ್ ಮಾಡಿಸ್ಕೊಂಡು ಬಾ’. ಇದರ ಜೊತೆಗೆ ಗುಂಗುರು ಕೂದಲಿನವರಿಗೆ ಸಿಟ್ಟು ಜಾಸ್ತಿ, ಹಟ ಜಾಸ್ತಿ ಅನ್ನುವ ಮಾತೂ ಇದೆ. ದಿನಾ ಬೆಳಿಗ್ಗೆ ಹಾಗೆ ಎಳೆಸಿಕೊಳ್ಳುವ ಮಗು ಸಿಟ್ಟು ಮಾಡಿದರೆ ಅದು ಕೂದಲಿನ ಗುಣ ಹೇಗಾಗುತ್ತದೆ?

ಬಿಗಿ ಜಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ, ಕಿವಿ ಪಕ್ಕದ ಕೂದಲು ಉದುರತೊಡಗುತ್ತದೆ. ಚರ್ಮವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯಾ ಅನ್ನುತ್ತಾರೆ. ಬೇಗ ಗಮನಿಸಿ ಸಡಿಲ ಬಿಟ್ಟರೆ ಕೂದಲು ಮರಳಿ ಬರುತ್ತದೆ. ಬಹಳ ಕಾಲ ಬಿಟ್ಟರೆ ಬುಡವೇ ಸತ್ತುಹೋಗಬಹುದು.

ಹಳೆಯದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊಬ್ಬರಿ ಎಣ್ಣೆಯನ್ನೇ ನೋಡಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದು. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮಾರಿಕೋ ಕಂಪನಿಯ ಸಂಶೋಧಕರು ಅನ್ನುವುದನ್ನೂ ಹೇಳಬೇಕು. ಹಾಗಿದ್ದರೂ ತಲೆಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ಅಜ್ಜಿಯರ ಪದ್ಧತಿ ಗುಂಗುರು ಕೂದಲಿಗೆ ಒಳ್ಳೆಯದೇ. ದಾಸವಾಳದ ಸೊಪ್ಪಿನ ಲೋಳೆ, ಮಲೆನಾಡಿನ ಮತ್ತಿ ಸೊಪ್ಪಿನ ಲೋಳೆ ಕೂಡ ಹಾಗೆಯೇ. ಅವು ಕೂದಲನ್ನು ಜಾರುವಂತೆ ಮಾಡುತ್ತವೆ, ಸಿಕ್ಕು ಬಿಡಿಸುವುದು ಸುಲಭವಾಗುತ್ತದೆ. ಈಗಿನ ಕಂಡೀಶನರ್ ಮಾಡುವ ಕೆಲಸವೂ ಮುಖ್ಯವಾಗಿ ಇದೇ. ಅಗಸೆ ಬೀಜ ಕುದಿಸಿ ಸೋಸಿದರೆ ಸಿಗುವ ಲೋಳೆಯನ್ನು ಇವತ್ತು ಹೇರ್ ಜೆಲ್ ಆಗಿ ಎಷ್ಟೋ ಜನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದಾರೆ. ಸೀಗೆಕಾಯಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜಾಸ್ತಿ ಉಜ್ಜಿದರೆ ಅದೂ ಕೂದಲನ್ನು ಒಣಗಿಸುತ್ತದೆ.

ಬದಲಿಸಬೇಕಾದದ್ದು ಬಾಚುವ ಹೊತ್ತು ಮತ್ತು ದಿಕ್ಕು. ಕೂದಲು ಹಸಿಯಾಗಿರುವಾಗ, ಕಂಡೀಶನರ್ ಅಥವಾ ಲೋಳೆ ಹಚ್ಚಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಇಲ್ಲವೇ ಬೆರಳಿನಿಂದ ಸಿಕ್ಕು ಬಿಡಿಸಬೇಕು. ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ. ಟವೆಲ್ಲಿನಲ್ಲಿ ಉಜ್ಜದೆ ಹಳೆಯ ಹತ್ತಿ ಬನಿಯನ್ನಿನಲ್ಲಿ ನೀರನ್ನು ಹಿಂಡಿ ತೆಗೆಯಬೇಕು. ಇನ್ನೂ ಹಸಿ ಇರುವಾಗ ಸ್ವಲ್ಪ ಜೆಲ್ ಅಥವಾ ಲೀವ್-ಇನ್ ಕ್ರೀಮ್ (ತೊಳೆಯದೆ ಹಾಗೇ ಬಿಡುವ ಕ್ರೀಮ್) ಹಚ್ಚಿ, ಕೆಳಗಿನಿಂದ ಮೇಲಕ್ಕೆ ಮುಷ್ಟಿಯಲ್ಲಿ ಮೆಲ್ಲಗೆ ಒತ್ತಿ, ಪೂರ್ತಿ ಒಣಗುವ ತನಕ ಮುಟ್ಟದೆ ಬಿಡಬೇಕು. ಆ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟ. ಕೈ ತಾನಾಗಿ ತಲೆಗೆ ಹೋಗುತ್ತದೆ, ಅಲ್ವಾ? ಜೆಲ್ ಒಣಗಿ ಕೂದಲು ಗಟ್ಟಿಯಾದರೆ ಹೆದರಬೇಡಿ. ಪೂರ್ತಿ ಒಣಗಿದಮೇಲೆ ಕೈಯಲ್ಲಿ ಹಿಸುಕಿದರೆ ಮೃದುವಾಗುತ್ತದೆ. ಮಾರನೇ ದಿನ ಬಾಚುವ ಅಗತ್ಯವಿಲ್ಲ, ನೀರು ಚಿಮುಕಿಸಿ ಒತ್ತಿದರೆ ಸಾಕು. ಬೋರ್‌ವೆಲ್ ನೀರಿನ ಊರುಗಳಲ್ಲಿ, ಅಂದರೆ ಬೆಂಗಳೂರಿನ ಎಷ್ಟೋ ಬಡಾವಣೆ, ಕೋಲಾರ, ತುಮಕೂರು ಕಡೆಗಳಲ್ಲಿ, ಇಷ್ಟು ಮಾಡಿಯೂ ಕೂದಲು ಬಿರುಸಾಗಿಯೇ ಉಳಿಯಬಹುದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಯ ಮೇಲೆ ಕೂರುತ್ತವೆ. ಕೊನೆಯ ಒಂದು ಮಗ್ಗು ಕಾವೇರಿ ನೀರಿನದೋ ಮಳೆ ನೀರಿನದೋ ಆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಚೆಲುವಿನ ಅಳತೆಗೋಲಿನ ವಿಷಯ. ಕನ್ನಡ ಕಾವ್ಯಕ್ಕೆ ಸುರುಳಿ ಕೂದಲು ಹೊಸದಲ್ಲ. ಹಣೆಯ ಮೇಲೆ ಆಡುವ ಮುಂಗುರುಳನ್ನು ಕವಿಗಳು ದುಂಬಿಗೆ ಹೋಲಿಸಿ ದಣಿದಿಲ್ಲ. ಆದರೆ ಗಮನಿಸಿ, ಅಲ್ಲಿ ಹೊಗಳಿಸಿಕೊಳ್ಳುವುದು ಕಟ್ಟಿದ ತುರುಬಿನಿಂದ ತಪ್ಪಿಸಿಕೊಂಡ ನಾಲ್ಕೇ ಎಳೆಗಳು. ಉಳಿದದ್ದು ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿರಬೇಕು. ಬಿಚ್ಚಿದ ಮುಡಿ ಅಂದರೆ ನಮ್ಮ ಕಥೆಗಳಲ್ಲಿ ದುಃಖ, ಇಲ್ಲವೇ ದ್ರೌಪದಿಯ ಶಪಥ. ಕಟ್ಟಿದರೂ ಕೂರದ ಕೂದಲಿಗೆ ಹಳೆಯ ಅಳತೆಗೋಲಿನಲ್ಲೂ ಅಷ್ಟೇನೂ ಜಾಗವಿರಲಿಲ್ಲ. ಅದರ ಮೇಲೆ ಟಿವಿ ಬಂತು. ಶ್ಯಾಂಪೂ ಜಾಹೀರಾತಿನಲ್ಲಿ ಕನ್ನಡಿಯಂತೆ ಹೊಳೆಯುವ ಕೂದಲು. ಹೊಳಪು ಬೆಳಕಿನ ಆಟ. ನೇರ ಎಳೆಗಳ ಮೇಲೆ ಬೆಳಕು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಗುಂಗುರು ಎಳೆಗಳ ಮೇಲೆ ಚೆದುರುತ್ತದೆ. ಆ ಹೊಳಪೇ ಆರೋಗ್ಯದ ಗುರುತು ಅಂತ ಹೇಳಿದಮೇಲೆ, ಎಷ್ಟೇ ಆರೋಗ್ಯವಾಗಿದ್ದರೂ ಗುಂಗುರು ಕೂದಲು ಕಾಯಿಲೆಯ ಕೂದಲಿನ ಹಾಗೆ ಕಾಣತೊಡಗಿತು. ಇದರ ನಡುವೆ ನಿತ್ಯಾ ಮೆನನ್ ಅವರಂಥ ಬೆಂಗಳೂರಿನಲ್ಲಿ ಹುಟ್ಟಿದ ನಟಿ ತಮ್ಮ ಗುಂಗುರು ಕೂದಲಿನಲ್ಲೇ ನಾಯಕಿಯಾಗಿ ನಿಂತದ್ದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಕನ್ನಡಿ ಮುಂದೆ ನಿಂತ ಹುಡುಗಿಗೆ ತೋರಿಸಲು ಒಂದು ಮುಖ ಸಿಕ್ಕಿತು.

ಹುಡುಗಿ ಪಾರ್ಲರಿಗೆ ಹೋದಾಗ ಏನು ನಡೆಯುತ್ತದೆ? ರೀಬಾಂಡಿಂಗ್‌ನಲ್ಲಿ ಥಯೋಗ್ಲೈಕೋಲೇಟ್ ಜಾತಿಯ ರಾಸಾಯನಿಕ ಹಚ್ಚಿ ಆ ಗಟ್ಟಿ ಗಂಧಕದ ಬಂಧಗಳನ್ನು ಮುರಿಯುತ್ತಾರೆ. ಬಿಸಿಯಲ್ಲಿ ನೆಟ್ಟಗೆ ಮಾಡುತ್ತಾರೆ. ಇನ್ನೊಂದು ದ್ರಾವಣ ಹಚ್ಚಿ ಬಂಧಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಮುರಿದದ್ದೆಲ್ಲ ಮರಳಿ ಕೂಡುವುದಿಲ್ಲ, ಹಾಗಾಗಿ ಕೂದಲು ಬಲ ಕಳೆದುಕೊಳ್ಳುತ್ತದೆ. ಚರ್ಮದೊಳಗಿನ ಬಾಗಿದ ಗೂಡು ಮಾತ್ರ ಹಾಗೆಯೇ ಇರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತದೆ, ಅದು ಗುಂಗುರಾಗಿಯೇ ಬರುತ್ತದೆ. ಆರು ತಿಂಗಳಲ್ಲಿ ಮೇಲೆ ಒಂದು ಬಗೆ, ಕೆಳಗೆ ಒಂದು ಬಗೆ. ಮತ್ತೆ ಪಾರ್ಲರ್, ಮತ್ತೆ ಸಾವಿರಾರು ರೂಪಾಯಿ.

ಕೆರಾಟಿನ್ ಟ್ರೀಟ್‌ಮೆಂಟ್ ಅನ್ನುವುದು ಇನ್ನೊಂದು ಬಗೆ. ಹೆಸರು ಕೇಳಿದರೆ ಕೂದಲಿಗೆ ಪೋಷಣೆ ಕೊಡುವ ಹಾಗಿದೆ. ಇದರ ಹಲವು ಉತ್ಪನ್ನಗಳಲ್ಲಿ ಕೂದಲನ್ನು ನೆಟ್ಟಗೆ ಹಿಡಿದಿಡುವುದು ಫಾರ್ಮಾಲ್ಡಿಹೈಡ್, ಅಥವಾ ಬಿಸಿ ಮಾಡಿದಾಗ ಅದನ್ನು ಬಿಡುವ ಬೇರೆ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 2004ರಲ್ಲೇ ಸೇರಿಸಿದೆ. ಬಾಟಲಿಯ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಅಂತ ಬರೆದಿದ್ದರೂ ನಂಬುವ ಹಾಗಿಲ್ಲ. ‘ಬ್ರೆಜಿಲಿಯನ್ ಬ್ಲೋಔಟ್’ ಎಂಬ ಉತ್ಪನ್ನಕ್ಕೆ ಹಾಗೆ ಬರೆದಿತ್ತು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರೀಕ್ಷೆ ಮಾಡಿದಾಗ ಅದರಲ್ಲಿ ಶೇ 8.7ರಿಂದ 10.4ರಷ್ಟು ಫಾರ್ಮಾಲ್ಡಿಹೈಡ್ ಸಿಕ್ಕಿತು. 2011ರಲ್ಲಿ ಕಂಪನಿಗೆ ಎಚ್ಚರಿಕೆ ಪತ್ರ ಹೋಯಿತು. ಇಂಥ ಉತ್ಪನ್ನಗಳನ್ನು ನಿಷೇಧಿಸುವ ಪ್ರಸ್ತಾವ ತರುವುದಾಗಿ ಅದೇ ಎಫ್‌ಡಿಎ 2023ರಲ್ಲಿ ಹೇಳಿತು. ಆಮೇಲೆ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು.

ಫಾರ್ಮಾಲ್ಡಿಹೈಡ್‌ಗೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕಥೆಯೂ ಸಮಾಧಾನ ತರುವುದಿಲ್ಲ. 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಮಹಿಳೆಯೊಬ್ಬರ ವಿಷಯ ಬರೆದರು. 2020, 2021, 2022ರಲ್ಲಿ ಮೂರು ಸಲ ಕೂದಲು ನೆಟ್ಟಗೆ ಮಾಡಿಸಿಕೊಂಡರು, ಮೂರು ಸಲವೂ ಅವರ ಕಿಡ್ನಿಗೆ ದಿಢೀರ್ ಪೆಟ್ಟು ಬಿತ್ತು. ಇಸ್ರೇಲಿನಲ್ಲೂ ಕೂದಲು ನೆಟ್ಟಗೆ ಮಾಡಿಸಿಕೊಂಡಮೇಲೆ ಕಿಡ್ನಿ ತೊಂದರೆಯಾದ 26 ಮಂದಿಯ ವರದಿ ಬಂದಿದೆ. ಇನ್ನು ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಸ್ಟ್ರೈಟ್ನಿಂಗ್ ರಾಸಾಯನಿಕ ಬಳಸಿದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 4.05, ಬಳಸದವರಲ್ಲಿ ಶೇ 1.64 ಎಂಬ ಅಂದಾಜು ಸಿಕ್ಕಿತು. ನಂಟು ಕಂಡಿದೆ ಅಂದಮಾತ್ರಕ್ಕೆ ಅದೇ ಕಾರಣ ಅಂತ ಸಾಬೀತಾಗುವುದಿಲ್ಲ. ಒಮ್ಮೆ ಮಾಡಿಸಿಕೊಂಡವರು ಗಾಬರಿ ಬೀಳಬೇಕಿಲ್ಲ. ಆದರೆ ಕೇಳದೆ, ಓದದೆ ತಲೆ ಒಡ್ಡುವ ವಿಷಯ ಇದಲ್ಲ. ಬಾಟಲಿ ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ತೋರಿಸದಿದ್ದರೆ ಎದ್ದು ಬರಬಹುದು. ಎದ್ದು ಬರಲಾಗದವರೂ ಅಲ್ಲಿದ್ದಾರೆ ಅನ್ನುವುದು ನನ್ನನ್ನು ಜಾಸ್ತಿ ಕಾಡುತ್ತದೆ. ಈಶಾನ್ಯ ರಾಜ್ಯಗಳಿಂದ, ನಮ್ಮದೇ ಹಳ್ಳಿಗಳಿಂದ ಬಂದು ಪಾರ್ಲರುಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ಮುಚ್ಚಿದ ಎ.ಸಿ. ಕೋಣೆಯಲ್ಲಿ ದಿನವಿಡೀ ಆ ಹೊಗೆ ಕುಡಿಯುತ್ತಾರೆ.

ಇದಕ್ಕೆಲ್ಲ ಉತ್ತರವಾಗಿ ಈಗ ಗುಂಗುರು ಕೂದಲಿನದೇ ಮಾರುಕಟ್ಟೆ ಬೆಳೆದಿದೆ. ಅದರಿಂದ ಒಳ್ಳೆಯದೂ ಆಗಿದೆ. ನನ್ನ ಕೂದಲಿಗೆ ರೋಗವಿಲ್ಲ ಅಂತ ಸಾವಿರಾರು ಜನಕ್ಕೆ ಗೊತ್ತಾಗಿದ್ದು ಹೀಗೆಯೇ. ಆದರೆ ಇಲ್ಲೂ ಒಂದು ಅಳತೆಗೋಲು ಬಂದು ಕೂತಿದೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೆಯವರ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲನ್ನು 1ರಿಂದ 4ರವರೆಗೆ ವಿಂಗಡಿಸಿದರು. 1 ಅಂದರೆ ನೇರ, 4 ಅಂದರೆ ಬಿಗಿ ಸುರುಳಿ. ಅಂಕಿಯ ಪಕ್ಕದ ಎ, ಬಿ, ಸಿ ಅಕ್ಷರಗಳು ಅದರೊಳಗಿನ ಬಗೆಗಳು. ಈಗ ಹುಡುಗಿಯರು ನಾನು 2ಸಿ, ನೀನು 3ಎ ಅಂತ ಮಾತಾಡುತ್ತಾರೆ. ಸಾಲಿನ ಕೊನೆಯಲ್ಲಿರುವ ಬಿಗಿ ಸುರುಳಿ ಜಾಹೀರಾತಿನಲ್ಲೂ ಕೊನೆಯಲ್ಲೇ ಇದೆ. ಅಲೆ ಅಲೆಯಾಗಿ ಇಳಿಯುವ ಕೂದಲಿಗೆ ಮಾತ್ರ ಮೆಚ್ಚುಗೆ. ಐದು ಬಾಟಲಿ, ವಾರಕ್ಕೆ ಮೂರು ಗಂಟೆ, ಒಂದೂ ಎಳೆ ತಪ್ಪದ ಸುರುಳಿ. ಆಶಾ ಕಾರ್ಯಕರ್ತೆಗೋ ಗಾರ್ಮೆಂಟ್ಸ್ ಕೆಲಸದವಳಿಗೋ ಇದು ಹೇಗೆ ಸಾಧ್ಯ? ಸ್ವಲ್ಪ ಕೆದರಿರುವುದು ಗುಂಗುರು ಕೂದಲಿನ ಸಹಜ ಗುಣ. ಅದನ್ನೂ ಒಪ್ಪದ ಮೆಚ್ಚುಗೆ ಅರ್ಧ ಮೆಚ್ಚುಗೆ.

ಇಲ್ಲೇ ಉತ್ತರ ಕನ್ನಡದ ಸಿದ್ದಿಗಳ ಮಾತು ಬರಬೇಕು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಜೋಯಿಡಾ ಕಡೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಆಫ್ರಿಕಾ ಮೂಲದ ಜನ ಅವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕನ್ನಡ, ಕೊಂಕಣಿ ಮಾತಾಡುವ ಅವರನ್ನು ಊರು ಬಿಟ್ಟು ಹೊರಗೆ ಬಂದರೆ ‘ಯಾವ ದೇಶ’ ಅಂತ ಕೇಳುತ್ತಾರೆ. ಹಾಗೆ ಕೇಳಿಸುವುದು ಅವರ ಮೈಬಣ್ಣ ಮತ್ತು ಕೂದಲು. ನಗರದ ನನ್ನಂಥವರಿಗೆ ಗುಂಗುರು ಕೂದಲು ಅಂದರೆ ಒಂದಿಷ್ಟು ಚುಡಾಯಿಸುವಿಕೆ. ಅವರಿಗೆ ಅದು ‘ನೀನು ಇಲ್ಲಿಯವನಲ್ಲ’ ಅನ್ನುವ ಮಾತು. ಎರಡೂ ಒಂದೇ ಅಲ್ಲ. ಅದೇ ಬಿಗಿ ಸುರುಳಿಯ ಬಗ್ಗೆ 2023ರಲ್ಲಿ ಮಾನವಶಾಸ್ತ್ರಜ್ಞರಾದ ಟೀನಾ ಲಸೀಸಿ, ನೀನಾ ಜಬ್ಲಾನ್ಸ್ಕಿ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಬಿಸಿ ಅಳೆಯುವ ಬೊಂಬೆಯ ತಲೆಗೆ ಮನುಷ್ಯರ ಕೂದಲಿನ ವಿಗ್ ಹಾಕಿ, ಮೇಲಿನಿಂದ ಬಿಸಿಲಿನಂಥ ದೀಪ ಬಿಟ್ಟರು. ತಲೆಯನ್ನು ಎಲ್ಲಕ್ಕಿಂತ ತಂಪಾಗಿ ಕಾಯ್ದದ್ದು ಬಿಗಿ ಸುರುಳಿ. ಮನುಷ್ಯನ ಮಿದುಳು ದೊಡ್ಡದಾಗುತ್ತಿದ್ದ ಕಾಲದಲ್ಲಿ ಆಫ್ರಿಕಾದ ಬಿಸಿಲಲ್ಲಿ ಈ ಕೂದಲು ನೆರವಾಗಿರಬಹುದು ಅಂತ ಅವರು ಹೇಳುತ್ತಾರೆ.

ಹೊರದೇಶಗಳಲ್ಲಿ ಕೂದಲಿನ ಭೇದ ಕಾನೂನಿನ ವಿಷಯವಾಗಿದೆ. 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಕಪ್ಪು ವರ್ಣದ ಶಾಲಾ ಹುಡುಗಿಯರು ತಮ್ಮ ಸಹಜ ಕೂದಲಿನ ಮೇಲಿನ ನಿಯಮಗಳನ್ನು ವಿರೋಧಿಸಿ ಪ್ರತಿಭಟಿಸಿದರು. ಶಾಲೆ ಆ ನಿಯಮಗಳನ್ನು ತಡೆಹಿಡಿಯಬೇಕಾಯಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಕಾಯ್ದೆ ತಂದು, ಕೂದಲಿನ ಬಗೆ ನೋಡಿ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. ಈಗ ಅಮೆರಿಕದ 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾಯ್ದೆ ಇದೆ. ನಮ್ಮಲ್ಲಿ ಅಷ್ಟು ದೂರ ಹೋಗುವ ಮುಂಚೆ ಶಾಲೆಯ ಗೇಟಿನಲ್ಲೇ ಮಾಡಬಹುದಾದ ಕೆಲಸವಿದೆ. ಎರಡು ಜಡೆ, ಮಡಚಿ ರಿಬ್ಬನ್ ಅನ್ನುವ ನಿಯಮ ಉದ್ದಕ್ಕೆ ಇಳಿಯುವ ಕೂದಲನ್ನು ನೋಡಿ ಮಾಡಿದ್ದು. ಬಿಗಿ ಸುರುಳಿಯ ಕೂದಲು ಕೆಳಕ್ಕೆ ಇಳಿಯುವುದಿಲ್ಲ, ಮಡಚಲು ಸಿಗುವುದೇ ಇಲ್ಲ. ನಿಯಮದ ಉದ್ದೇಶ ಸ್ವಚ್ಛತೆ, ಮುಖಕ್ಕೆ ಕೂದಲು ಬೀಳಬಾರದು ಅನ್ನುವುದಾದರೆ ಅಷ್ಟನ್ನೇ ಬರೆದರೆ ಸಾಕು. ಒಂದು ಜಡೆಯೋ, ಹಿಂದಕ್ಕೆ ಸಡಿಲವಾಗಿ ಕಟ್ಟಿದ ಗಂಟೋ, ಹೇರ್ ಬ್ಯಾಂಡೋ, ಅವರವರ ಮನೆಯವರು ನೋಡಿಕೊಳ್ಳಲಿ. ಮುಖ್ಯೋಪಾಧ್ಯಾಯರು ಒಂದು ಸಾಲು ತಿದ್ದಿ ನೋಟಿಸ್ ಬೋರ್ಡಿಗೆ ಹಾಕಿದರೆ ಆಗುವ ಕೆಲಸ ಇದು. ಪೋಷಕರ ಸಭೆಯಲ್ಲಿ ನಾವು ಕೇಳಬೇಕು, ಅಷ್ಟೇ.